ಸಹಿ ಹಾಕಬೇಕಾದವಳು ಅವಳೊಬ್ಬಳೇ!

ತೋರಣಗಲ್ಲಿನಲ್ಲಿ ಹೊಸಪೇಟೆ ಬಸ್ಸಿಗೆ ಕೈ ಅಡ್ಡ ಹಿಡಿಯುವ ಹೆಣ್ಣುಮಕ್ಕಳೆಲ್ಲ ಸಂತೆಗೆ ಹೊರಟವರಲ್ಲ, ಬೀಗರ ಮನೆಗೆ ಹೊರಟವರೂ ಅಲ್ಲ. ಕೆಲವರು ಹೊರಟಿರುತ್ತಾರೆ, ತಮ್ಮ ಮುಖ ಗುರುತಿಲ್ಲದ ಊರಿನಲ್ಲಿ ಒಬ್ಬ ಡಾಕ್ಟರನ್ನು ಕಾಣುವುದಕ್ಕೆ. ಊರಲ್ಲೇ ತೋರಿಸಿದರೆ ಓಣಿಗೆ ಗೊತ್ತಾಗುತ್ತದೆ. ಓಣಿಗೆ ಗೊತ್ತಾದರೆ ಅತ್ತೆಗೆ ಗೊತ್ತಾಗುತ್ತದೆ. ಆಮೇಲೆ ಕೇಳುವುದೇ ಬೇಡ. ಅದಕ್ಕೇ ಮೂವತ್ತು ಕಿಲೋಮೀಟರ್ ಪ್ರಯಾಣ, ಆ ಕಡೆ ಹೊಸಪೇಟೆಗೆ ಇಲ್ಲವೇ ಈ ಕಡೆ ಬಳ್ಳಾರಿಗೆ. ಅಷ್ಟೂ ಧೈರ್ಯ ಸಾಲದವರು ಅಂಗಡಿಯಿಂದ ಗುಳಿಗೆ ತರಿಸಿ ಬಾಯಿಗೆ ಹಾಕಿಕೊಂಡು ದೇವರ ಮೇಲೆ ಭಾರ ಹಾಕುತ್ತಾರೆ.

ಬೇಡದ ಬಸಿರು ನಿಂತಾಗ ಏನು ಮಾಡಬೇಕು, ಯಾರನ್ನು ಕೇಳಬೇಕು? ಇಂದಿನ ಮಾತು ಅದೇ. "ಇಂಥಾದ್ದೆಲ್ಲ ಪೇಪರಿನ್ಯಾಗ ಬರೆಯೋದೇನ್ರೀ?" ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಮುರಿಯಲಿ. ಮನೆಮನೆಯಲ್ಲಿ ನಡೆಯುವ ಸಂಗತಿಯನ್ನು ಬರೆಯದೆ ಬಿಟ್ಟರೆ ಅದು ನಿಂತುಹೋಗುವುದಿಲ್ಲ, ಕತ್ತಲಲ್ಲಿ ನಡೆಯುತ್ತದೆ. ಕತ್ತಲಲ್ಲಿ ನಡೆದದ್ದಕ್ಕೆ ಹೆಣ್ಣುಮಕ್ಕಳು ಜೀವ ತೆತ್ತಿದ್ದಾರೆ.

1971ರ ಎರಡು ಅಡಿಗಲ್ಲು

1971 ಎಂದರೆ ತೋರಣಗಲ್ಲಿನ ಹಿರಿಯರಿಗೆ ನೆನಪಾಗುವುದು ವಿಜಯನಗರ ಉಕ್ಕಿನ ಕಾರ್ಖಾನೆಯ ಅಡಿಗಲ್ಲು. ಪ್ರಧಾನಿ ಇಂದಿರಾ ಗಾಂಧಿ ಬಂದು ಹಾಕಿಹೋದರು. ಕಲ್ಲು ನಿಂತಿತು, ಕಾರ್ಖಾನೆ ಬರಲಿಲ್ಲ. ಮುಂದೆ ಜಿಂದಾಲ್‌ನವರು ಬಂದು ಉಕ್ಕು ತೆಗೆಯುವ ಹೊತ್ತಿಗೆ ಇಪ್ಪತ್ತೈದು ವರ್ಷ ಕಳೆದಿತ್ತು.

ಅದೇ 1971ರಲ್ಲಿ ದೆಹಲಿಯ ಪಾರ್ಲಿಮೆಂಟು ಇನ್ನೊಂದು ಅಡಿಗಲ್ಲು ಹಾಕಿತು. ಅದರ ಹೆಸರು ವೈದ್ಯಕೀಯ ಗರ್ಭಪಾತ ಕಾಯಿದೆ. ಡಾಕ್ಟರ ಬಾಯಲ್ಲಿ ಎಂ.ಟಿ.ಪಿ. ಆ್ಯಕ್ಟು. 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲು ಬ್ರಿಟಿಷರ 1860ರ ದಂಡಸಂಹಿತೆಯ ಆಡಳಿತ. ಬಸಿರು ತೆಗೆದವನಿಗೂ ಜೈಲು, ತೆಗೆಸಿಕೊಂಡವಳಿಗೂ ಜೈಲು. ಹಾಗೆಂದು ತೆಗೆಸುವುದೇನು ನಿಂತಿತ್ತೇ? ಸೂಲಗಿತ್ತಿಯ ಕಡ್ಡಿ, ನಾಟಿ ಬೇರು, ಏನೇನೋ ಕಷಾಯ. ಸತ್ತವರು ಸತ್ತರು, ಬದುಕಿದವರು ಬಾಯಿ ಬಿಡಲಿಲ್ಲ. ಈ ಸಾವುಗಳ ವಿಚಾರಕ್ಕೆಂದೇ ಕೇಂದ್ರ ಸರಕಾರ 1964ರಲ್ಲಿ ಶಾಂತಿಲಾಲ್ ಷಾ ಸಮಿತಿ ನೇಮಿಸಿತು. 1966ರಲ್ಲಿ ವರದಿ ಬಂತು. ಅದರ ಮೇಲೆ ಈ ಕಾಯಿದೆ ಬಂತು.

ಹಳೆಯ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲೂ 88ನೇ ಕಲಮಿನಲ್ಲಿ ಗರ್ಭಪಾತ ಅಪರಾಧವೆಂದೇ ಇದೆ. ಆದರೆ ಎಂ.ಟಿ.ಪಿ. ಕಾಯಿದೆ ತೋರಿಸಿದ ದಾರಿಯಲ್ಲಿ, ಡಾಕ್ಟರ ಕೈಯಲ್ಲಿ, ಸರಿಯಾದ ಜಾಗದಲ್ಲಿ ಆದರೆ ಅಪರಾಧವಲ್ಲ. ಇಷ್ಟು ಸರಳ ಸಂಗತಿ ಐವತ್ತು ವರ್ಷ ದಾಟಿದರೂ ನಮ್ಮ ಕುರೇಕುಪ್ಪ, ವಡ್ಡು, ತಾಳೂರು, ಬನ್ನಿಹಟ್ಟಿಗಳ ಮನೆಗಳಿಗೆ ಪೂರ್ತಿ ತಲುಪಿಲ್ಲ. "ಅದು ಕಳ್ಳ ಕೆಲಸ, ಪೊಲೀಸ್ ಕೇಸು" ಎಂದು ನಂಬಿದವರು ಈಗಲೂ ಇದ್ದಾರೆ. ಕಾರ್ಖಾನೆಯಾದರೂ ಬಂತು, ಕಾಯಿದೆ ಇನ್ನೂ ಬರಬೇಕಾಗಿದೆ.

ಗಂಡನ ಸಹಿ ಬೇಡ

ಎಲ್ಲರೂ ಮೊದಲು ಕೇಳುವ ಪ್ರಶ್ನೆ, "ಗಂಡ ಸಹಿ ಮಾಡಬೇಕಲ್ಲ?"

ಬೇಡ. ಹದಿನೆಂಟು ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಹೆಂಗಸಾದರೆ ಒಪ್ಪಿಗೆ ಪತ್ರಕ್ಕೆ ಅವಳ ಸಹಿ ಒಂದೇ ಸಾಕು. ಗಂಡನದು ಬೇಡ, ಅಪ್ಪನದು ಬೇಡ, ಅತ್ತೆ ಮಾವಂದಿರದು ಬೇಡವೇ ಬೇಡ. ಇದು 1971ರಿಂದಲೂ ಕಾಯಿದೆಯಲ್ಲಿ ಇರುವ ಮಾತು, ಹೊಸದೇನಲ್ಲ. ಅದೇ ಹೊತ್ತಿಗೆ, ಅವಳ ಒಪ್ಪಿಗೆ ಇಲ್ಲದೆ ಯಾರೂ ಅವಳ ಬಸಿರು ತೆಗೆಸುವ ಹಾಗೂ ಇಲ್ಲ. ಗಂಡ ಬೇಡವೆಂದರೂ ಅವಳು ತೆಗೆಸಬಹುದು, ಗಂಡ ತೆಗೆಸು ಎಂದರೂ ಅವಳು ಇಟ್ಟುಕೊಳ್ಳಬಹುದು. ಕಾಯಿದೆ ಎರಡೂ ಕಡೆಯಿಂದ ಅವಳ ಪರವಾಗಿಯೇ ನಿಂತಿದೆ. ಹದಿನೆಂಟರ ಒಳಗಿನವಳಾದರೆ, ಇಲ್ಲವೇ ಮಾನಸಿಕ ಕಾಯಿಲೆಯವಳಾದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಎರಡನೆಯ ಪ್ರಶ್ನೆ, "ಮದುವೆ ಆಗದಾಕಿಗೆ?" ಆಕೆಗೂ ಉಂಟು. ಹಳೆಯ ಕಾಯಿದೆಯಲ್ಲಿ ಗರ್ಭನಿರೋಧಕ ಕೈಕೊಟ್ಟದ್ದನ್ನು ಕಾರಣವಾಗಿ ಹೇಳುವ ಅವಕಾಶ 'ವಿವಾಹಿತ ಸ್ತ್ರೀ ಅಥವಾ ಆಕೆಯ ಗಂಡ'ನಿಗೆ ಮಾತ್ರ ಇತ್ತು. 2021ರ ತಿದ್ದುಪಡಿ ಆ ಮಾತು ತೆಗೆದು 'ಯಾವುದೇ ಸ್ತ್ರೀ ಅಥವಾ ಆಕೆಯ ಸಂಗಾತಿ' ಎಂದು ಬರೆಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು: ಮದುವೆಯಾದವಳು, ಆಗದವಳು ಎಂದು ಭೇದ ಮಾಡುವ ಹಾಗಿಲ್ಲ. ಗಂಡ ಬಲಾತ್ಕಾರ ಮಾಡಿ ಬಸಿರಾದರೂ ಈ ಕಾಯಿದೆಯ ಮಟ್ಟಿಗೆ ಅದು ಅತ್ಯಾಚಾರವೇ. ಕಾಯಿದೆ ಕೇಳದ ಕಾಗದಗಳನ್ನೂ ಮನೆಯವರ ಒಪ್ಪಿಗೆಯನ್ನೂ ಕೇಳಿ ಡಾಕ್ಟರುಗಳು ಹೆಂಗಸರನ್ನು ಅಲೆದಾಡಿಸಬಾರದು ಎಂದೂ ಹೇಳಿತು. ಈ ತೀರ್ಪು ಕೊಟ್ಟ ಮೂವರು ನ್ಯಾಯಮೂರ್ತಿಗಳಲ್ಲಿ ಒಬ್ಬರು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ.

ಮೂರನೆಯದು, "ಗುಟ್ಟು ಉಳಿಯುತ್ತೇನ್ರೀ?" ಉಳಿಯಲೇಬೇಕು. ಹೆಂಗಸಿನ ಹೆಸರು, ವಿವರ ಹೊರಗೆ ಬಿಟ್ಟ ಡಾಕ್ಟರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು 2021ರಲ್ಲಿ ಸೇರಿಸಿದ ಕಲಂ.

ಒಂದು ಮಾತು ಮಾತ್ರ ನೆನಪಿರಲಿ. ನಮ್ಮ ಕಾಯಿದೆಯಲ್ಲಿ "ನನಗೆ ಬೇಡ" ಎಂದರೆ ಅಷ್ಟೇ ಸಾಲದು, ಡಾಕ್ಟರ ಅಭಿಪ್ರಾಯವೂ ಬೇಕು. ಹೆಂಗಸಿನ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ಗಂಭೀರ ಪೆಟ್ಟು, ಕೂಸಿಗೆ ತೀವ್ರ ಊನ, ಅತ್ಯಾಚಾರ, ಗರ್ಭನಿರೋಧಕದ ಸೋಲು, ಇವು ಕಾರಣಗಳು. ಮನಸ್ಸಿನ ಪೆಟ್ಟು ಅಳೆಯುವಾಗ ಅವಳ ಮನೆಯ ಸ್ಥಿತಿ, ಮುಂದಿನ ಬದುಕು ಎಲ್ಲವನ್ನೂ ಡಾಕ್ಟರು ಗಣನೆಗೆ ತೆಗೆದುಕೊಳ್ಳಬಹುದು. ಆದ್ದರಿಂದ ಡಾಕ್ಟರ ಮುಂದೆ ಮುಚ್ಚಿಡದೆ ಹೇಳಬೇಕು. ಮೂರು ಮಕ್ಕಳಿವೆ, ಗಂಡ ಕುಡುಕ, ಗುತ್ತಿಗೆ ಕೆಲಸ ಹೋದರೆ ಒಲೆ ಹೊತ್ತುವುದಿಲ್ಲ ಎಂಬುದೂ ಅಲ್ಲಿ ಲೆಕ್ಕಕ್ಕೆ ಬರುವ ಮಾತೇ.

ವಾರದ ಲೆಕ್ಕ, ಬಸ್ಸಿನ ಲೆಕ್ಕ

ಈ ವಿಷಯದಲ್ಲಿ ತಿಂಗಳ ಲೆಕ್ಕ ನಡೆಯುವುದಿಲ್ಲ, ವಾರದ ಲೆಕ್ಕ. ಕೊನೆಯ ಮುಟ್ಟಿನ ಮೊದಲನೇ ದಿನದಿಂದ ಎಣಿಸಬೇಕು. ಮುಟ್ಟು ಒಂದು ವಾರ ತಡವಾಯಿತು ಎನ್ನುವ ಹೊತ್ತಿಗೆ ಡಾಕ್ಟರ ಲೆಕ್ಕದಲ್ಲಿ ಐದು ವಾರ ಆಗಿರುತ್ತದೆ. ಹಲವರು ಎಡವುವುದು ಇಲ್ಲಿಯೇ.

ಒಂಬತ್ತು ವಾರದೊಳಗೆ ಬಂದರೆ ಡಾಕ್ಟರು ಗುಳಿಗೆಯಲ್ಲೇ ಮುಗಿಸಬಹುದು. ಹನ್ನೆರಡು ವಾರದವರೆಗೆ ಸಣ್ಣ ನಳಿಕೆಯಿಂದ ಹೀರಿ ತೆಗೆಯುವ ಸರಳ ಕ್ರಮ ಇದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಇಪ್ಪತ್ತು ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ನಾಲ್ಕರವರೆಗೆ ಇಬ್ಬರು ಡಾಕ್ಟರು ಒಪ್ಪಬೇಕು, ಅದೂ ಕೆಲವರಿಗೆ ಮಾತ್ರ. ಅತ್ಯಾಚಾರಕ್ಕೆ ಸಿಕ್ಕವರು, ಹದಿನೆಂಟರೊಳಗಿನವರು, ಬಸಿರಿದ್ದಾಗ ವಿಧವೆಯಾದವರು ಅಥವಾ ವಿಚ್ಛೇದನ ಆದವರು, ಅಂಗವಿಕಲರು, ಮಾನಸಿಕ ಕಾಯಿಲೆಯವರು, ಕೂಸಿಗೆ ತೀವ್ರ ಊನ ಕಂಡವರು, ನೆರೆ ಬರದಂಥ ವಿಪತ್ತಿನಲ್ಲಿ ಸಿಕ್ಕವರು. ಇಪ್ಪತ್ನಾಲ್ಕು ದಾಟಿತೋ, ಕೂಸಿಗೆ ತೀವ್ರ ಊನವಿದೆಯೆಂದು ಮೆಡಿಕಲ್ ಬೋರ್ಡು ಹೇಳಬೇಕು, ಇಲ್ಲವೇ ತಾಯಿಯ ಜೀವಕ್ಕೇ ಸಂಚಕಾರ ಬಂದಿರಬೇಕು. ಉಳಿದವರಿಗೆ ಕೋರ್ಟಿನ ಬಾಗಿಲು ಮಾತ್ರ.

ಕೋರ್ಟಿನ ಬಾಗಿಲು ಎಲ್ಲ ಹೊತ್ತಿನಲ್ಲೂ ತೆರೆಯುವುದಿಲ್ಲ. 2023ರ ಅಕ್ಟೋಬರಿನ ಕತೆ ಕೇಳಿ. ಎರಡು ಮಕ್ಕಳ ತಾಯಿಯೊಬ್ಬಳು ಸುಪ್ರೀಂ ಕೋರ್ಟಿಗೆ ಹೋದಳು. ಎರಡನೆಯ ಕೂಸಿಗೆ ಹಾಲುಣಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ. ಬಸಿರಾದದ್ದು ಗೊತ್ತಾಗುವ ಹೊತ್ತಿಗೆ ಇಪ್ಪತ್ನಾಲ್ಕು ವಾರ. ಹೆರಿಗೆಯ ನಂತರದ ಮಾನಸಿಕ ಕಾಯಿಲೆಯಿಂದಲೂ ನರಳುತ್ತಿದ್ದಳು. ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡಾಯಿತು. ಹೆಂಗಸಿನ ನಿರ್ಧಾರಕ್ಕೆ ಗೌರವ ಕೊಡಬೇಕು ಎಂದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಕೊನೆಗೆ ಮೂವರ ಪೀಠ ಅಕ್ಟೋಬರ್ 16ರಂದು ಅನುಮತಿ ಇಲ್ಲ ಎಂದಿತು. ವಾರ ಮೀರಿತ್ತು.

ನಮ್ಮ ಕಡೆ "ಹಾಲು ಕುಡಿಸುವಾಗ ಬಸಿರು ನಿಲ್ಲೋದಿಲ್ಲ" ಎಂದು ನಂಬಿ ಕೂತವರು ಎಷ್ಟು ಜನ ಇದ್ದಾರೋ! ನಿಲ್ಲುತ್ತದೆ ಕಣ್ರೀ. ಅನುಮಾನ ಬಂದ ದಿನವೇ ಪರೀಕ್ಷೆ ಮಾಡಿಸಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಪಟ್ಟಿಯಲ್ಲಿ ಮನೆಯಲ್ಲೇ ನೋಡಿಕೊಳ್ಳಬಹುದು. ವಾರ ಕಳೆದಂತೆಲ್ಲ ದಾರಿ ಕಿರಿದಾಗುತ್ತದೆ, ಖರ್ಚು ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ. ಹೋದ ಬಸ್ಸಿಗೆ ಇನ್ನೊಂದು ಬಸ್ಸು ಬಂದೀತು, ಹೋದ ವಾರ ತಿರುಗಿ ಬಾರದು.

ಚೀಟಿ ಇಲ್ಲದ ಗುಳಿಗೆ

ಈಗ ಮೆಡಿಕಲ್ ಶಾಪಿನವರ ಮಾತು. ಬಸಿರು ಇಳಿಸುವ ಗುಳಿಗೆ ಎರಡು ಬಗೆಯದು, ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ಮೊದಲನೆಯದು ಬಸಿರು ನಿಲ್ಲಲು ಬೇಕಾದ ಹಾರ್ಮೋನಿನ ಕೆಲಸ ತಡೆಯುತ್ತದೆ. ಒಂದೆರಡು ದಿನ ಬಿಟ್ಟು ತೆಗೆದುಕೊಳ್ಳುವ ಎರಡನೆಯದು ಗರ್ಭಕೋಶ ಹಿಂಡುವಂತೆ ಮಾಡಿ ಹೊರಗೆ ಹಾಕುತ್ತದೆ. ಸರಿಯಾದ ವಾರದಲ್ಲಿ, ಸರಿಯಾದ ಪ್ರಮಾಣದಲ್ಲಿ, ಡಾಕ್ಟರು ನೋಡಿ ಕೊಟ್ಟರೆ ಇದು ಒಳ್ಳೆಯ ಔಷಧ. ಭಾರತದಲ್ಲಿ 2002ರಿಂದ ಇದಕ್ಕೆ ಪರವಾನಗಿ ಇದೆ. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ.

ಮಾರುವ ಹಾಗಿಲ್ಲ ಎಂಬುದು ಕಾಗದದ ಮೇಲೆ. ದೇಶದ ಲೆಕ್ಕ ನೋಡಿ. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 2015ರಲ್ಲಿ ಭಾರತದಲ್ಲಿ ಆದ ಗರ್ಭಪಾತ ಸುಮಾರು 1 ಕೋಟಿ 56 ಲಕ್ಷ. ಆಸ್ಪತ್ರೆಯಲ್ಲಿ ಆದದ್ದು ಅದರಲ್ಲಿ 34 ಲಕ್ಷ. 1 ಕೋಟಿ 15 ಲಕ್ಷದಷ್ಟು ಆಸ್ಪತ್ರೆಯ ಹೊರಗೆ, ಗುಳಿಗೆಯಿಂದ ಆದವು. ಉಳಿದ ಸುಮಾರು 8 ಲಕ್ಷ ಬೇರೆ ಉಪಾಯಗಳಿಂದ. ಎಂದರೆ ನಾಲ್ವರಲ್ಲಿ ಸುಮಾರು ಮೂವರು ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ.

ಗುಳಿಗೆ ತರಲು ಹೋಗುವವನು ಬಹಳ ಸಲ ಗಂಡ ಅಥವಾ ಗೆಳೆಯ. ಎಷ್ಟು ವಾರ ಎಂದು ಅವನಿಗೇ ಗೊತ್ತಿರುವುದಿಲ್ಲ. ಅಂಗಡಿಯವ ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಹೇಗೆ ತೆಗೆದುಕೊಳ್ಳಬೇಕು ಎಂದು ಪಿಸುಮಾತಿನಲ್ಲಿ ಅರ್ಧ ಹೇಳುತ್ತಾನೆ, ಮನೆಯಲ್ಲಿ ಅದರ ಅರ್ಧ ತಲುಪುತ್ತದೆ. ಬಿಹಾರ, ಒಡಿಶಾ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದ ಕುಟುಂಬವಾದರೆ ಭಾಷೆಯ ತೊಡಕು ಬೇರೆ.

ಇದರ ಅಪಾಯ ಎಲ್ಲಿದೆ? ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಗುಳಿಗೆ ಕೆಲಸ ಮಾಡುವುದಿಲ್ಲ. ನಾಳ ಒಡೆದು ಒಳಗೇ ರಕ್ತ ಸುರಿದು ಜೀವ ಹೋಗುತ್ತದೆ. ವಾರ ಹೆಚ್ಚಾಗಿದ್ದರೆ ರಕ್ತ ನಿಲ್ಲುವುದಿಲ್ಲ. ಮೊದಲೇ ರಕ್ತ ಕಡಿಮೆ ಇರುವ ಮೈಯಾದರೆ ಹೇಳಲೇಬೇಕಿಲ್ಲ. ಒಂದು ತಾಸಿಗೆ ಎರಡು ಪ್ಯಾಡು ತೊಯ್ದು ಎರಡು ತಾಸು ಹಾಗೆಯೇ ನಡೆದರೆ, ಜ್ವರ ಬಂದರೆ, ವಾಸನೆಯ ಸ್ರಾವ ಇದ್ದರೆ, ತಲೆ ಸುತ್ತಿ ಬಿದ್ದರೆ, ಹೊಟ್ಟೆನೋವು ತಡೆಯಲಾಗದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೋಗಬೇಕು. ಗುಳಿಗೆ ತಿಂದದ್ದನ್ನು ಡಾಕ್ಟರಿಗೆ ಹೇಳಬೇಕು. ಬಂದವಳ ಜೀವ ಉಳಿಸುವುದು ಡಾಕ್ಟರ ಮೊದಲ ಕೆಲಸ. ಬೈಗುಳ ತಿಂದರೂ ಸರಿ, ಜೀವ ಉಳಿಯಲಿ.

ಎಲ್ಲಿಗೆ ಹೋಗಬೇಕು? ಸರಕಾರಿ ಆಸ್ಪತ್ರೆಗೆ ಈ ಕೆಲಸಕ್ಕೆ ಬೇರೆ ಪರವಾನಗಿ ಬೇಕಿಲ್ಲ, ತರಬೇತಿ ಪಡೆದ ಡಾಕ್ಟರು ಇರಬೇಕು ಅಷ್ಟೇ. ಸಂಡೂರು ತಾಲೂಕು ಆಸ್ಪತ್ರೆಯಲ್ಲಿ, ಇಲ್ಲವೇ ಹೊಸಪೇಟೆ, ಬಳ್ಳಾರಿಯ ದೊಡ್ಡಾಸ್ಪತ್ರೆಗಳಲ್ಲಿ ಹೆರಿಗೆ ಡಾಕ್ಟರನ್ನು ನೇರವಾಗಿ ಕೇಳಬಹುದು. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾ ಸಮಿತಿಯ ಮಂಜೂರಾತಿ ಪತ್ರ ಇರಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಗೋಡೆ ನೋಡಿ. ಪತ್ರ ಇಲ್ಲದಿದ್ದರೆ ಎದ್ದು ಬನ್ನಿ.

"ಬಳ್ಳಾರಿ ಆಸ್ಪತ್ರೆಗಾ? ಅಲ್ಲಿ ಬಾಣಂತಿಯರು ಸತ್ತಿದ್ದು ಗೊತ್ತಿಲ್ಲೇನು?" ಎಂದು ಕೇಳುವವರಿಗೆ ಉತ್ತರ ಕೊಡಬೇಕು. 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತದ್ದು ನಿಜ. ನರಕ್ಕೆ ಏರಿಸುವ ದ್ರಾವಣದ ಮೇಲೆ ಅನುಮಾನ ಬಂದು ಸರಕಾರ ಅದರ ಬಳಕೆ ನಿಲ್ಲಿಸಿತು. ಜನರ ಎದೆಯಲ್ಲಿ ಹೊಕ್ಕ ಭಯ ಸುಮ್ಮನೆ ಹೊಕ್ಕದ್ದಲ್ಲ. ಆದರೆ ಆ ಭಯದಲ್ಲಿ ಮನೆಯ ಮೂಲೆಯಲ್ಲಿ ಗುಳಿಗೆ ನುಂಗುವುದು ಬೆಂಕಿಗೆ ಹೆದರಿ ಬಾವಿಗೆ ಬಿದ್ದಂತೆ. ಆಸ್ಪತ್ರೆ ಸರಿಯಾಗಿರಬೇಕು ಎಂದು ಜಗಳವಾಡೋಣ, ಆಸ್ಪತ್ರೆಯನ್ನೇ ಬಿಡುವುದು ಬೇಡ.

ಬೆಳಗಾವಿಯ ಸವಿತಾ

ಆಸ್ಪತ್ರೆಯೂ ಇದ್ದು, ಡಾಕ್ಟರೂ ಇದ್ದು, ಹೆಂಗಸಿನ ಮಾತು ನಡೆಯದಿದ್ದರೆ ಏನಾಗುತ್ತದೆ? ಅದಕ್ಕೆ ನಮ್ಮ ಕನ್ನಡನಾಡಿನ ಮಗಳೇ ಸಾಕ್ಷಿ. ಬೆಳಗಾವಿಯ ಸವಿತಾ ಹಾಲಪ್ಪನವರ್ ಹಲ್ಲಿನ ಡಾಕ್ಟರು. ಗಂಡ ಪ್ರವೀಣ್ ಜೊತೆ ಐರ್ಲೆಂಡಿನ ಗಾಲ್ವೇ ಊರಿನಲ್ಲಿದ್ದರು. ವಯಸ್ಸು 31. 2012ರ ಅಕ್ಟೋಬರ್ 21ರಂದು, ಹದಿನೇಳು ವಾರದ ಬಸಿರಿನಲ್ಲಿ ನೋವೆಂದು ಅಲ್ಲಿಯ ಆಸ್ಪತ್ರೆಗೆ ಹೋದರು. ಬಸಿರು ಉಳಿಯುವುದಿಲ್ಲ ಎಂದು ಡಾಕ್ಟರುಗಳೇ ಹೇಳಿದರು. ಹಾಗಾದರೆ ತೆಗೆದುಬಿಡಿ ಎಂದು ಸವಿತಾ ಕೇಳಿಕೊಂಡರು. ಕೂಸಿನ ಎದೆಬಡಿತ ಇನ್ನೂ ಇದೆ, ಇಲ್ಲಿಯ ಕಾನೂನು ಒಪ್ಪುವುದಿಲ್ಲ ಎಂಬ ಉತ್ತರ ಬಂತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂತು. ಕಾದರು. ನಂಜು ಮೈಗೆಲ್ಲ ಏರಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಆ ಸಾವು ಐರ್ಲೆಂಡನ್ನು ಅಲುಗಾಡಿಸಿತು. ಜನ ಬೀದಿಗೆ ಬಂದರು. 2013ರಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದಾಗ ಅವಕಾಶ ಕೊಡುವ ಕಾನೂನು ಬಂತು. ಅದು ಸಾಲದೆಂದು 2018ರ ಮೇ 25ರಂದು ಜನಮತ ಕೇಳಿದರು. ಸವಿತಾ ತಂದೆತಾಯಿ ಬೆಳಗಾವಿಯಿಂದಲೇ ಅಲ್ಲಿಯ ಮತದಾರರಿಗೆ ಕೈಮುಗಿದು ಕೇಳಿಕೊಂಡಿದ್ದರು. ಶೇಕಡಾ 66ರ ಮೇಲೆ ಜನ ಬದಲಾವಣೆಗೆ ಒಪ್ಪಿದರು. 2019ರಿಂದ ಅಲ್ಲಿ ಹೊಸ ಕಾನೂನು ನಡೆಯುತ್ತಿದೆ.

ಅಲ್ಲಿ ಅಡ್ಡ ಬಂದದ್ದು ಕಾನೂನು. ನಮ್ಮಲ್ಲಿ ಕಾನೂನು ಆಗಲೇ, ಸವಿತಾ ಹುಟ್ಟುವ ಮೊದಲೇ ಬಂದಿತ್ತು. ಇಲ್ಲಿ ಅಡ್ಡ ಬರುವುದು ಅತ್ತೆಯ ಕಣ್ಣು, ಓಣಿಯ ಬಾಯಿ, ಕೌಂಟರಿನಲ್ಲಿ ಕೂತವರ ನಗೆ, "ಮದುವೆ ಆಗಿದೆಯೇನಮ್ಮಾ?" ಎಂದು ಹತ್ತು ಜನರ ಮುಂದೆ ಕೇಳುವ ಸಿಬ್ಬಂದಿ. ಇವುಗಳನ್ನು ತೆಗೆಯಲು ಯಾವ ಜನಮತವೂ ಬೇಕಿಲ್ಲ.

ಹೆಣ್ಣೋ ಗಂಡೋ ಎಂಬುದು ಬೇರೆ ಕತೆ

ಇಲ್ಲಿ ಒಂದು ಗೆರೆ ಎಳೆಯಬೇಕು. ಹೆಣ್ಣುಕೂಸು ಎಂದು ಪತ್ತೆ ಮಾಡಿ ತೆಗೆಸುವುದು ಅಪರಾಧ. ಅದಕ್ಕೆ 1994ರ ಪ್ರತ್ಯೇಕ ಕಾಯಿದೆ ಇದೆ, 1996ರಿಂದ ಜಾರಿಯಲ್ಲಿದೆ. 2023ರ ಕೊನೆಗೆ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಜಾಲ ನೆನಪಿರಬಹುದು. ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿದ್ದರೆಂದು ಗೊತ್ತಾಗಿ ರಾಜ್ಯವೇ ಬೆಚ್ಚಿತ್ತು. ಬೆಲ್ಲ ಮಾಡುವ ಜಾಗದಲ್ಲಿ ವಿಷ!

ಆದರೆ ಅದನ್ನೂ ಇದನ್ನೂ ಒಂದೇ ಗಂಟಿಗೆ ಕಟ್ಟಬಾರದು. ಅಲ್ಲಿ ಹೆಚ್ಚಾಗಿ ಮನೆಯವರ ಒತ್ತಾಯ ಹೆಂಗಸಿನ ಮೇಲೆ ಸವಾರಿ ಮಾಡುತ್ತದೆ. ಇಲ್ಲಿ ನಾವು ಹೇಳುತ್ತಿರುವುದು ಅವಳ ಸ್ವಂತ ನಿರ್ಧಾರದ ಮಾತು. ದಾಳಿ, ಕೇಸು ಎಂದ ಕೂಡಲೇ ಕೆಲವರು ನಿಜವಾಗಿ ಹಕ್ಕಿರುವವಳನ್ನೂ ವಾಪಸು ಕಳಿಸುತ್ತಾರೆ. ಹಾಗೆ ಕಳಿಸಿದವಳು ಎಲ್ಲಿಗೆ ಹೋಗುತ್ತಾಳೆ ಎಂದು ಯಾರೂ ಕೇಳುವುದಿಲ್ಲ.

ತೀರ್ಮಾನ ಹೇಗೆ ಮಾಡುವುದು?

ಊಹೆಗೆ ಒಬ್ಬಾಕೆಯನ್ನು ತೆಗೆದುಕೊಳ್ಳಿ. ಮದುವೆಯಾಗಿ ಆರು ವರ್ಷ, ಎರಡು ಮಕ್ಕಳು, ಕ್ಯಾಂಟೀನಿನಲ್ಲಿ ಗುತ್ತಿಗೆ ಕೆಲಸ. ಗಂಡ ಲಾರಿ ಕ್ಲೀನರು. ಕಾಪರ್-ಟಿ ಹಾಕಿಸುವುದು ನಾಳೆ ನಾಳೆ ಎಂದು ಮುಂದಕ್ಕೆ ಹೋಗಿ ತಿಂಗಳು ನಿಂತಿದೆ. ನಮ್ಮಲ್ಲಿ ಬಸಿರು ತೆಗೆಸುವವರಲ್ಲಿ ಹೆಚ್ಚಿನವರು ಇಂಥವರೇ, ಮದುವೆಯಾದವರು, ಮಕ್ಕಳಿರುವವರು. ಸಿನಿಮಾದಲ್ಲಿ ತೋರಿಸುವ ಹಾಗೆ ಕಾಲು ಜಾರಿದ ಕನ್ಯೆಯರಷ್ಟೇ ಅಲ್ಲ.

ಆಕೆಯ ತಲೆಯಲ್ಲಿ ಎರಡು ದನಿ. ಒಂದು, "ಬಂದದ್ದು ಬರಲಿ, ಜೀವ ಅಲ್ಲೇನು." ಇನ್ನೊಂದು, "ಇರೋ ಎರಡನ್ನೇ ಸಾಕೋದು ಕಷ್ಟ." ಎರಡೂ ದನಿ ಅವಳದ್ದೇ. ಯಾವುದನ್ನು ಕೇಳಿದರೂ ಅವಳು ಕೆಟ್ಟವಳಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಅವಳಿಗೆ ಬೇಕಾದದ್ದು ಉಪದೇಶವಲ್ಲ, ಎದುರು ಕೂತು ಸುಮ್ಮನೆ ಕೇಳುವ ಒಂದು ಕಿವಿ.

ಕೇಳುವವರು ಕೆಲವು ಪ್ರಶ್ನೆ ಕೇಳಬಹುದು. ಎಷ್ಟು ವಾರ ಆಯಿತು? ನಿನಗೆ ಏನು ಬೇಕು, ಗಂಡ ಅತ್ತೆ ಎಲ್ಲರನ್ನೂ ಬದಿಗಿಟ್ಟು ಹೇಳು? ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ? ಇಟ್ಟುಕೊಂಡರೆ ಮುಂದಿನ ವರ್ಷ ಮನೆ ಹೇಗೆ ನಡೆಯುತ್ತದೆ? ತೆಗೆಸಿದರೆ ಮನಸ್ಸಿಗೆ ಹೇಗನ್ನಿಸುತ್ತದೆ? ಜೊತೆಗೆ ಯಾರು ಬರುತ್ತಾರೆ? ಉತ್ತರ ಅವಳೇ ಹೇಳಲಿ. ಎರಡು ಮೂರು ದಿನ ಯೋಚಿಸಲಿ, ಎರಡು ಮೂರು ವಾರ ಬೇಡ.

ತಪ್ಪು ಭಯಗಳನ್ನೂ ಬಿಡಿಸಬೇಕು. ಸರಿಯಾಗಿ ಮಾಡಿದ ಗರ್ಭಪಾತದಿಂದ ಮುಂದೆ ಮಕ್ಕಳಾಗುವುದಿಲ್ಲ ಎಂಬುದು ಸುಳ್ಳು. ಎರಡೇ ವಾರದಲ್ಲಿ ಮತ್ತೆ ಬಸಿರು ನಿಲ್ಲಬಹುದು, ಆದ್ದರಿಂದ ಕಾಪರ್-ಟಿಯೋ ಗುಳಿಗೆಯೋ ಅಲ್ಲೇ ಕೇಳಿ ಬರಬೇಕು. ಆದಮೇಲೆ ಕೆಲವರಿಗೆ ನಿರಾಳ, ಕೆಲವರಿಗೆ ಅಳು, ಹಲವರಿಗೆ ಎರಡೂ. ಅಳು ಬಂತೆಂದರೆ ತಪ್ಪು ಮಾಡಿದೆ ಎಂದಲ್ಲ. ಮನಸ್ಸು ತೀರಾ ಕುಗ್ಗಿದರೆ ಟೆಲಿ-ಮಾನಸ್ ಎಂಬ ಸರಕಾರಿ ಫೋನು ಇದೆ, 14416. ಹಗಲು ರಾತ್ರಿ ಯಾವಾಗಲಾದರೂ ಮಾತಾಡಬಹುದು.

ಕೆಲಸದವಳಿಗೆ ಇನ್ನೊಂದು ಸಂಗತಿ. ಗರ್ಭಪಾತವಾದರೆ ಆರು ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿದ್ದ ಈ ಹಕ್ಕನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಡಾಕ್ಟರ ಕಾಗದ ತೋರಿಸಬೇಕು. ಮರುದಿನವೇ ಶಿಫ್ಟಿಗೆ ಓಡುವವರು ಇದನ್ನು ಕೇಳಿಯೇ ಇರುವುದಿಲ್ಲ. ಗುತ್ತಿಗೆದಾರರಂತೂ ತಾವಾಗಿ ಹೇಳುವುದಿಲ್ಲ.

ಕೂಸು ಇರಲಿ ಎಂದರೆ

ಇಟ್ಟುಕೊಳ್ಳುತ್ತೇನೆ ಎಂದವಳಿಗೂ ಆಸರೆ ಬೇಕು, ಇಲ್ಲದಿದ್ದರೆ ಅದೂ ನಿರ್ಧಾರವಾಗುವುದಿಲ್ಲ. ಆಶಾ ಕಾರ್ಯಕರ್ತೆಯಲ್ಲಿ ಹೆಸರು ಬರೆಸಿ ತಾಯಿ ಕಾರ್ಡು ಮಾಡಿಸಿದರೆ ತಪಾಸಣೆ, ಕಬ್ಬಿಣದ ಮಾತ್ರೆ, ಸರಕಾರಿ ಆಸ್ಪತ್ರೆಯ ಹೆರಿಗೆ ಇವೆಲ್ಲ ಖರ್ಚಿಲ್ಲದೆ ಆಗುತ್ತವೆ. ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಕೂಸಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. ಹೆತ್ತು ಸಾಕಲಾರದವಳು ಕೂಸನ್ನು ತಿಪ್ಪೆಗೋ ಗುಡಿಯ ಮೆಟ್ಟಿಲಿಗೋ ಹಾಕಬೇಕಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾದರೆ ವಾಪಸು ಪಡೆಯಲು ಎರಡು ತಿಂಗಳ ಅವಧಿ ಕಾನೂನಿನಲ್ಲೇ ಇದೆ.

ಹದಿನೆಂಟರೊಳಗಿನ ಹುಡುಗಿಯ ವಿಷಯ ಸೂಕ್ಷ್ಮ. ನಮ್ಮ ಕಡೆ ಬಾಲ್ಯವಿವಾಹ ಇನ್ನೂ ನಿಂತಿಲ್ಲವಾದ್ದರಿಂದ ಹೇಳಲೇಬೇಕು. ಪೋಕ್ಸೋ ಕಾಯಿದೆಯ ಪ್ರಕಾರ ಡಾಕ್ಟರು ಪೊಲೀಸರಿಗೆ ತಿಳಿಸಬೇಕು. ಈ ಭಯಕ್ಕೆ ತಾಯಂದಿರು ಮಗಳನ್ನು ಆಸ್ಪತ್ರೆಗೆ ಕರೆತರುವುದೇ ಇಲ್ಲ. 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ದಾರಿ ಮಾಡಿದೆ. ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಗರ್ಭಪಾತದ ಸಂಬಂಧ ಕೊಡುವ ಆ ವರದಿಯಲ್ಲಿ ಡಾಕ್ಟರು ಅವಳ ಹೆಸರು, ಗುರುತು ಬರೆಯಬೇಕಿಲ್ಲ. ಮಕ್ಕಳ ಸಹಾಯವಾಣಿ 1098.

ಅಂಗಡಿಯವರಿಗೆ, ಬಸ್ಸಿನವರಿಗೆ ಒಂದು ಮಾತು

ಮೆಡಿಕಲ್ ಶಾಪಿನ ಯಜಮಾನರೇ, ಚೀಟಿ ಇಲ್ಲದೆ ಗುಳಿಗೆ ಕೊಡಬೇಡಿ. ಆದರೆ "ಇಲ್ಲ ಹೋಗು" ಎಂದು ಗದರಿಸಿ ಕಳಿಸಲೂ ಬೇಡಿ. "ಮೊದಲು ಡಾಕ್ಟರಿಗೆ ತೋರಿಸಮ್ಮಾ, ಸಂಡೂರಿಗೆ ಹೋಗು, ಇದು ಕಾನೂನಿನಲ್ಲೇ ಇದೆ, ನಿನ್ನ ಸಹಿ ಸಾಕು" ಎಂದು ತಗ್ಗಿದ ದನಿಯಲ್ಲಿ ಹೇಳಿ. ಅರ್ಧ ನಿಮಿಷದ ಮಾತು. ಕಿರಾಣಿ ಅಂಗಡಿಯವರೇ, ಕಟ್ಟೆಯ ಮೇಲೆ ಕೂತು "ಅವಳು ಯಾಕೆ ಹೊಸಪೇಟೆಗೆ ಹೋದಳು" ಎಂದು ಲೆಕ್ಕ ಹಾಕುವವರಿಗೆ ಒಂದು ಚಹಾ ಕೊಟ್ಟು ಮಾತು ಬದಲಿಸಿ. ಗಂಡಂದಿರೇ, ಗುಳಿಗೆ ತರಲು ಓಡುವ ಬದಲು ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಜೊತೆಗೆ ಹೋಗಿ. ಸಹಿ ನಿಮ್ಮದು ಬೇಡ, ನೀವು ಬೇಕು.

ನಂಬರುಗಳನ್ನು ಇನ್ನೊಮ್ಮೆ ಬರೆದುಕೊಳ್ಳಿ. ಹೆಂಗಸರ ಸಹಾಯವಾಣಿ 181. ಹಿಂಸೆ, ಬಲಾತ್ಕಾರ ಇದ್ದರೆ 112. ಡಾಕ್ಟರು, ಪೊಲೀಸು, ವಕೀಲರ ನೆರವು ಒಂದೇ ಕಡೆ ಕೊಡಿಸುವ ಸಖಿ ಕೇಂದ್ರ ಬಳ್ಳಾರಿಯಲ್ಲಿದೆ. ಯಾರಾದರೂ ಕಾನೂನು ಮೀರಿ ಸತಾಯಿಸಿದರೆ ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ, ಅದಕ್ಕೆ 15100. ಆಂಬುಲೆನ್ಸಿಗೆ 108.

ಈ ಪೇಪರು ಓದಿ ಮುಗಿದ ಮೇಲೆ ಮಿರ್ಚಿ ಭಜಿ ಕಟ್ಟಲು ಕೊಡಬೇಡಿ. ಮಡಚಿ ಮನೆಗೆ ಒಯ್ಯಿರಿ, ಹೆಂಡತಿಯ ಕೈಗೋ ಬೆಳೆದ ಮಗಳ ಕೈಗೋ ಸಿಗುವ ಜಾಗದಲ್ಲಿ ಇಡಿ. ಏನೂ ವಿವರಿಸಬೇಕಿಲ್ಲ. ಬೇಕಾದಾಗ ಅವರೇ ತೆಗೆದು ಓದಿಕೊಳ್ಳುತ್ತಾರೆ.